ಫೈಟರ್ ಆಡುವವರಿಗೆ: ಮೊದಲು ಬೀಳಿಸಿ, ಆಮೇಲೆ ಹೊಡೆಯಿರಿ

ದಾಳ ಉರುಳಿಸಿ ಪಾತ್ರಗಳನ್ನು ಆಡುವ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಟದಲ್ಲಿ ಫೈಟರ್ ಎಂದರೆ ಸುಮ್ಮನೆ ಕತ್ತಿ ಬೀಸುವ ಪಾತ್ರ ಎಂದು ಮೂಗು ಮುರಿಯುವವರು ಒಮ್ಮೆ ಫೈಟರ್‌ನದೇ ಒಂದು ಬಗೆಯಾದ ಬ್ಯಾಟಲ್ ಮಾಸ್ಟರ್ ಆಡಿ ನೋಡಬೇಕು. ನನಗಂತೂ ಇವನಿಗಿಂತ ಪ್ರಿಯವಾದ ಯೋಧ ಇನ್ನೊಬ್ಬನಿಲ್ಲ.

2014ರ ನಿಯಮಗಳ ಪ್ರಕಾರ ಮೂರನೇ ಹಂತದಲ್ಲಿ ಇವನಿಗೆ ಮೂರು ವರಸೆಗಳು, ಅವನ್ನು ಬಳಸಲು ಖರ್ಚು ಮಾಡುವ ಎಂಟು ಮುಖದ ನಾಲ್ಕು ದಾಳಗಳು ಸಿಗುತ್ತವೆ. ಆ ಮೂರರಲ್ಲಿ ಎದುರಾಳಿಯನ್ನು ನೆಲಕ್ಕೆ ಬೀಳಿಸುವ ಟ್ರಿಪ್ ಅಟ್ಯಾಕ್ ಇರಲೇಬೇಕು. ಏಟು ತಗುಲಿದ ಮೇಲಷ್ಟೇ ದಾಳ ಬಳಸುವುದರಿಂದ ಅದು ವ್ಯರ್ಥವಾಗುವುದಿಲ್ಲ; ಎದುರಾಳಿ ಬೀಳದಿದ್ದರೂ ದಾಳದ ಅಂಕ ಹಾನಿಗೆ ಸೇರುತ್ತದೆ. ಐದನೇ ಹಂತದಲ್ಲಿ ಒಂದೇ ಸರದಿಗೆ ಎರಡು ಏಟು. ಮೊದಲನೆಯದರಲ್ಲಿ ಬೀಳಿಸಿದರೆ, ಪಕ್ಕದಲ್ಲೇ ನಿಂತು ಹೊಡೆಯುವ ಎರಡನೆಯದಕ್ಕೆ ಇಪ್ಪತ್ತು ಮುಖದ ದಾಳವನ್ನು ಎರಡು ಬಾರಿ ಉರುಳಿಸಿ ದೊಡ್ಡ ಅಂಕವನ್ನು ಇಟ್ಟುಕೊಳ್ಳಬಹುದು. ಹತ್ತಿರವಿರುವ ರೋಗ್ ಪಾತ್ರದ ಗೆಳೆಯರಿಗೂ ಅದೇ ಲಾಭ. ದೂರದಿಂದ ಬಾಣ ಬಿಡುವ ಗೆಳೆಯರಿಗೆ ಮಾತ್ರ ಬಿದ್ದವನು ಕಷ್ಟದ ಗುರಿ, ಅವರ ಸರದಿ ಯಾವಾಗ ಎಂದು ಮೊದಲೇ ನೋಡಿಕೊಳ್ಳಿ.

ಫೈಟರ್ ಆರಿಸಿಕೊಳ್ಳುವ ಹೋರಾಟದ ಶೈಲಿಯ ವಿಷಯ: ಬಿಲ್ಲು ಹಿಡಿಯುವುದಾದರೆ ಕಣ್ಣು ಮುಚ್ಚಿ ಆರ್ಚರಿ ಆರಿಸಿ, ಗುರಿಗೆ +2 ಸಿಗುತ್ತದೆ. ದೊಡ್ಡ ಆಯುಧದವರ ಗ್ರೇಟ್ ವೆಪನ್ ಫೈಟಿಂಗ್ ಆಕರ್ಷಕವಾಗಿ ಕಂಡರೂ, ಹಾನಿಗೆ ಉರುಳಿಸುವ ಆರು ಮುಖದ ಎರಡು ದಾಳಗಳ ಸರಾಸರಿ 7ರಿಂದ ಸುಮಾರು 8.33ಕ್ಕೆ ಏರುತ್ತದೆ, ಅಷ್ಟೇ. ಡಿಫೆನ್ಸ್ ಶೈಲಿ ರಕ್ಷಣೆಯ ಅಂಕಕ್ಕೆ ಕೊಡುವ +1, ಕವಚ ತೊಟ್ಟಿರುವಷ್ಟು ಹೊತ್ತೂ ನಿಮ್ಮನ್ನು ಕಾಯುತ್ತದೆ; ನನ್ನ ಮತ ಅದಕ್ಕೇ.

ದಾಳ ಮುಗಿದರೆ ಒಂದು ಗಂಟೆಯ ವಿಶ್ರಾಂತಿ ಕೇಳಲು ಹಿಂಜರಿಯಬೇಡಿ, ನಾಲ್ಕೂ ಮರಳಿ ಬರುತ್ತವೆ.