ಬರೆದಿಟ್ಟ ನೋಟ್ ಬೇಕಾದಾಗ ಕೈಗೆ ಸಿಗಬೇಕಾದರೆ

ಹೋದ ಬೇಸಿಗೆಯಲ್ಲಿ ತೋಟದ ಬೋರ್‌ವೆಲ್ ಮೋಟರ್ ಸುಟ್ಟಿತು. ಮೋಟರ್ ಎತ್ತುವವರಿಗೆ ಫೋನ್ ಮಾಡಿದೆ. ‘ಎಷ್ಟು ಪೈಪ್ ಇಳಿಸೀರಿ ಸರ? ಎಷ್ಟು ಸ್ಟೇಜಿಂದೈತಿ?’ ಎಂದು ಕೇಳಿದರು. ತಡೀರಿ, ಬರೆದಿಟ್ಟಿದ್ದೇನೆ ಅಂದೆ. ಫೋನಿನಲ್ಲಿ ‘ಮೋಟರ್’ ಎಂದು ಹುಡುಕಿದೆ, ಇಲ್ಲ. ‘ಬೋರ್’ ಎಂದು ಹುಡುಕಿದೆ, ಅದೂ ಇಲ್ಲ. ಅರ್ಧ ತಾಸು ಜಾಲಾಡಿದ ಮೇಲೆ ಒಂದು ನೋಟ್ ಸಿಕ್ಕಿತು. ಅದರಲ್ಲಿ ಇದ್ದದ್ದು ಇಷ್ಟೇ: 26, 15, 7.5.

26 ಪೈಪ್, 15 ಸ್ಟೇಜ್ (ಪಂಪಿನೊಳಗೆ ನೀರೆತ್ತುವ ಹಂತಗಳು), ಏಳೂವರೆ ಎಚ್‌ಪಿ. ಬರೆದ ದಿನ ಎಲ್ಲ ನೆನಪಿತ್ತು, ಹಾಗಾಗಿ ಹೆಸರು ಹಾಕಿರಲಿಲ್ಲ. ಆಮೇಲೆ ನಾನು ನೋಟ್ ಬರೆಯುವ ರೀತಿಯನ್ನೇ ಬದಲಿಸಿದೆ. ಅದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಒಂದೇ ಆ್ಯಪ್ ಹಿಡಿಯಿರಿ. ನಾನು ಬಳಸುವುದು ಗೂಗಲ್ ಕೀಪ್. 2013ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ನೆಟ್ ಇಲ್ಲದ ಹೊಲದಲ್ಲೂ ಬರೆಯಬಹುದು, ನೆಟ್ ಸಿಕ್ಕಾಗ ಅದೇ ಅಕೌಂಟಿಗೆ ಸೇರಿಸಿಕೊಳ್ಳುತ್ತದೆ. ಕಾಲೇಜಿನ ಹುಡುಗರಿಗೆ ಒನ್‌ನೋಟ್ ಚೆನ್ನ, ಅದರಲ್ಲಿ ವಿಷಯಕ್ಕೊಂದು ಪುಸ್ತಕ ಮಾಡಿಕೊಳ್ಳಬಹುದು. ಎವರ್‌ನೋಟ್ 2023ರ ಕೊನೆಯಲ್ಲಿ ಪುಕ್ಕಟೆ ಬಳಸುವವರಿಗೆ 50 ನೋಟ್‌ಗಳ ಮಿತಿ ಹಾಕಿತು, ನಮ್ಮಂಥವರಿಗೆ ಅದು ಸಾಲದು. ಯಾವುದಾದರೂ ಸರಿ, ನಿಮ್ಮ ಅಕೌಂಟಿಗೆ ಜೋಡಣೆ ಆಗಿದೆಯೇ ನೋಡಿಕೊಳ್ಳಿ. ಪರೀಕ್ಷೆ ಸರಳ: ಮನೆಯವರ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಅದೇ ಅಕೌಂಟ್ ತೆರೆಯಿರಿ. ನಿಮ್ಮ ನೋಟ್ ಅಲ್ಲಿ ಕಂಡರೆ, ಫೋನ್ ಬಾವಿಗೆ ಬಿದ್ದರೂ ಚಿಂತೆಯಿಲ್ಲ.

ಎರಡನೆಯದು, ಹೆಸರು. ಇದರಲ್ಲೇ ಎಲ್ಲ ಇದೆ. ‘ಮುಂದೆ ಇದನ್ನು ಹುಡುಕುವಾಗ ಯಾವ ಮಾತು ಬಾಯಿಗೆ ಬರುತ್ತದೆ?’ ಎಂದು ಒಂದು ಗಳಿಗೆ ಯೋಚಿಸಿ, ಆ ಮಾತನ್ನೇ ಮೇಲೆ ಬರೆಯಿರಿ. ಕನ್ನಡದವರಿಗೆ ಇಲ್ಲೊಂದು ತೊಡಕು ಜಾಸ್ತಿ. ಒಂದು ದಿನ ‘ವಿಮೆ’ ಅಂತ ಬರೆಯುತ್ತೇವೆ, ಇನ್ನೊಂದು ದಿನ ‘ಇನ್ಶೂರೆನ್ಸ್’ ಅಂತ. ಒಮ್ಮೆ ಲಿಂಬೆ, ಒಮ್ಮೆ ನಿಂಬೆ. ಅವಸರದಲ್ಲಿದ್ದರೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆದುಬಿಡುತ್ತೇವೆ. ಇವೆಲ್ಲ ಒಂದೇ ಅಂತ ಫೋನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನೋಟಿನ ಕೊನೆ ಸಾಲಿನಲ್ಲಿ ಆ ವಸ್ತುವಿನ ಎಲ್ಲ ಹೆಸರುಗಳನ್ನೂ ಹಾಕಿಬಿಡುತ್ತೇನೆ. ಈಗ ನನ್ನ ಮೋಟರಿನ ನೋಟಿನ ಅಡಿಯಲ್ಲಿ ‘ಮೋಟರ್ ಮೋಟಾರ್ ಪಂಪ್ ಬೋರ್ ಬೋರ್‌ವೆಲ್’ ಎಂದಿದೆ. ಓದಿದವರು ನಗುತ್ತಾರೆ. ನಗಲಿ.

ಮೂರನೆಯದು, ಅಲ್ಲಲ್ಲೇ ಬರೆಯುವುದು. ಮನೆಗೆ ಹೋಗಿ ಬರೆದರಾಯಿತು ಅಂದುಕೊಂಡರೆ ಮುಗಿಯಿತು. ಕೀಬೋರ್ಡಿನಲ್ಲಿ ಕನ್ನಡ ಸೇರಿಸಿ ಮೈಕ್ ಒತ್ತಿದರೆ ಹೇಳಿದ್ದನ್ನು ಅದೇ ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಪೂರ್ತಿ ಹಿಡಿಸುವುದಿಲ್ಲ, ಸ್ವಲ್ಪ ಪುಸ್ತಕದ ಕನ್ನಡ ಆಡಬೇಕು. ಅಂಕಿಗಳನ್ನು ಮಾತ್ರ ಕಣ್ಣಲ್ಲಿ ನೋಡಿ ಸರಿಪಡಿಸಿ.

ದ್ರಾಕ್ಷಿ ತೋಟದವರಿಗೆ ಇದರ ಉಪಯೋಗ ದೊಡ್ಡದು. ನಾವು ಲೆಕ್ಕ ಹಿಡಿಯುವುದು ತಾರೀಖಿನಿಂದ ಅಲ್ಲ, ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಆಗಿ ಎಷ್ಟನೇ ದಿನ ಎಂಬುದರಿಂದ. ಹಾಗಾಗಿ ಪ್ಲಾಟಿಗೊಂದು ನೋಟ್. ನನ್ನದೊಂದು ಹೀಗಿದೆ:

ಪ್ಲಾಟ್ 2, ಅಕ್ಟೋಬರ್ ಚಾಟ್ನಿ
ದಿನ 2: ಪೇಸ್ಟ್ ಹಚ್ಚಿದ್ದು. ಆಳು 12.
ದಿನ 34: ರಾತ್ರಿ ಮಳೆ. ಬೆಳಿಗ್ಗೆ ಡೌನಿಗೆ ಎಣ್ಣೆ ಹೊಡೆದಿದ್ದು. ಬಾಟಲಿ ಫೋಟೊ ಕೆಳಗೆ.

ಪೇಸ್ಟ್ ಅಂದರೆ ಚಿಗುರೊಡೆಯಲೆಂದು ಕಡ್ಡಿಗೆ ಹಚ್ಚುವ ಔಷಧ, ಡೌನಿ ಅಂದರೆ ದ್ರಾಕ್ಷಿಗೆ ಬರುವ ಬೂಜು ರೋಗ, ಎಣ್ಣೆ ಅಂದರೆ ಅದಕ್ಕೆ ಹೊಡೆಯುವ ಔಷಧ. ಆ ಬಾಟಲಿ ಫೋಟೊ ಮುಖ್ಯ. ಹೆಸರು, ಪ್ರಮಾಣ, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಎಂಬುದೆಲ್ಲ ಅದರ ಚೀಟಿಯ ಮೇಲೇ ಇರುತ್ತದೆ. ಏನೇನು ಹೊಡೆದಿದ್ದೀರಿ ಎಂದು ವ್ಯಾಪಾರಿ ಕೇಳಿದರೆ ತಲೆ ಕೆರೆದುಕೊಳ್ಳಬೇಕಿಲ್ಲ. ಮುಂದಿನ ವರ್ಷ ಚಾಟ್ನಿ ಹೊತ್ತಿಗೆ ಇದನ್ನೇ ತೆರೆದು ಓದಿದರೆ ಯಾವ ದಿನ ಯಾವ ಕೆಲಸಕ್ಕೆ ಆಳು ಹೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ನೋಟ್‌ಗಳನ್ನು ಗುಂಪು ಮಾಡುವ ಲೇಬಲ್‌ಗಳ ಹುಚ್ಚು ಬೇಡ. ಕೀಪ್‌ನಲ್ಲಿ 50ರವರೆಗೆ ಮಾಡಬಹುದು. ನನ್ನವು ಐದೇ: ತೋಟ, ಮನೆ, ಉದ್ರಿ, ಗಾಡಿ, ದವಾಖಾನೆ. ಕೆಲಸ ಮುಗಿದ ನೋಟನ್ನು ಅಳಿಸದೆ ಆರ್ಕೈವ್‌ಗೆ ಹಾಕಿ. ಅಲ್ಲಿದ್ದರೂ ಹುಡುಕಿದರೆ ಸಿಗುತ್ತದೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ 7 ದಿನ ಇರುತ್ತದೆ, ಆಮೇಲೆ ಹೋಯಿತು.

ಇನ್ನು ಸಂತೆ ಚೀಟಿ. ಟಿಕ್ ಮಾಡುವ ಪಟ್ಟಿ ಮಾಡಿ, ಮನೆಯವರ ಇಮೇಲ್ ಹಾಕಿ ಹಂಚಿಕೊಳ್ಳಿ. ನಾನು ಊರಲ್ಲಿ ಬದನೆಕಾಯಿ ಕೊಂಡು ಟಿಕ್ ಹಾಕಿದರೆ ಅವಳ ಫೋನಿನಲ್ಲೂ ಟಿಕ್ ಬೀಳುತ್ತದೆ. ನಾನು ಗಾಡಿ ಹತ್ತುವ ಹೊತ್ತಿಗೆ ಅವಳು ‘ಶೇಂಗಾ 2 ಕೆಜಿ’ ಸೇರಿಸಿರುತ್ತಾಳೆ, ಅದು ಬೇರೆ ಮಾತು. ಎಲ್ಲ ಟಿಕ್‌ಗಳನ್ನು ಒಟ್ಟಿಗೆ ತೆಗೆಯುವ ಆಯ್ಕೆಯೂ ಇದೆ, ಹಾಗಾಗಿ ವಾರವಾರ ಹೊಸ ಪಟ್ಟಿ ಬರೆಯಬೇಕಿಲ್ಲ.

ಎಟಿಎಂ ಪಿನ್, ಪಾಸ್‌ವರ್ಡ್ ಮಾತ್ರ ನೋಟಿನಲ್ಲಿ ಬರೆಯಬೇಡಿ. ಆಧಾರ್, ಲೈಸೆನ್ಸ್, ಗಾಡಿಯ ಆರ್‌ಸಿಗೆ 2015ರಿಂದ ಸರ್ಕಾರದ ಡಿಜಿಲಾಕರ್ ಇದೆ, ಅಲ್ಲಿಡಿ.

ಹಳೆಯ ವಹಿಗಳನ್ನೂ ಒಳಗೆ ತರಬಹುದು. ನಮ್ಮ ಅವ್ವನ ಹತ್ತಿರ ಮದುವೆಗಳ ಮುಯ್ಯಿ, ಆಯಾರ (ಕೊಟ್ಟು ತಗೊಂಡ ಉಡುಗೊರೆ) ಬರೆದ ವಹಿ ಇದೆ. ಪುಟಪುಟದ ಫೋಟೊ ತೆಗೆದೆ. ಅಚ್ಚಾದ ಅಕ್ಷರವಾದರೆ ಫೋಟೊದೊಳಗೂ ಹುಡುಕಿಕೊಡುತ್ತದೆ, ಆದರೆ ಅವ್ವನ ಕೈಬರಹಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಸುಮ್ನೆ ಎರಡು ದಿನ ಕೂತು ಪ್ರತಿ ಫೋಟೊದ ಕೆಳಗೆ ಹೆಸರು, ಊರು ಟೈಪ್ ಮಾಡಿದೆ.

ಮೊನ್ನೆ ಒಂದು ಲಗ್ನಪತ್ರಿಕೆ ಬಂತು. ‘ಜಮಖಂಡಿ ಮಾವಾರು ನಮಗೇನು ಆಯಾರ ಮಾಡಿದ್ರು ನೋಡಪಾ’ ಅಂದಳು ಅವ್ವ. ವಹಿಯಲ್ಲಿ ಅವಳು ಬರೆದದ್ದು ‘ಜಮಖಿಂಡಿ’. ನಾನು ಕೆಳಗೆ ಎರಡನ್ನೂ ಬರೆದಿದ್ದೆ, ತಟ್ಟನೆ ಸಿಕ್ಕಿತು. ಇಳಕಲ್ ಸೀರೆ ಒಂದು, 501 ರೂಪಾಯಿ. ಅವ್ವ ಟ್ರಂಕ್ ತೆಗೆದು ಸೀರೆಗಳನ್ನು ಒಂದೊಂದಾಗಿ ಹೊರಗಿಡತೊಡಗಿದಳು.