ಬ್ಯಾಗ್‌ಪೈಪ್ ಕಲಿಯಬೇಕಾ? ಚೀಲ ಆಮೇಲೆ ತಗೊಳ್ಳಿ

ಜನವರಿ 29ರಂದು ಸೇನಾ ಬ್ಯಾಂಡುಗಳು ನುಡಿಸುವ ಬೀಟಿಂಗ್ ರಿಟ್ರೀಟ್ ಟಿವಿಯಲ್ಲಿ ನೋಡಿ ಬ್ಯಾಗ್‌ಪೈಪ್ ಹುಚ್ಚು ಹಿಡಿಸಿಕೊಂಡವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಚೌಕುಳಿ ಬಟ್ಟೆ ಹೊದಿಸಿದ ಪೂರ್ತಿ ಸೆಟ್ ತರಿಸುವುದು. ದಯವಿಟ್ಟು ಬೇಡ. ಅವುಗಳಲ್ಲಿ ಹೆಚ್ಚಿನವು ಗೋಡೆಗೆ ನೇತುಹಾಕೋಕಷ್ಟೇ ಲಾಯಕ್ಕು. ಗಾಳಿ ಸೋರುತ್ತೆ, ಶ್ರುತಿ ನಿಲ್ಲಲ್ಲ, ತಪ್ಪು ನಿಮ್ಮದೋ ವಾದ್ಯದ್ದೋ ಅಂತಲೂ ಗೊತ್ತಾಗಲ್ಲ.

ನಾನು ಹೇಳುತ್ತಿರುವುದು ಸ್ಕಾಟ್ಲೆಂಡಿನ ಹೈಲ್ಯಾಂಡ್ ಪೈಪ್ ಬಗ್ಗೆ. ನಮ್ಮ ಸೇನೆಯ ಪೈಪ್ ಬ್ಯಾಂಡುಗಳ ಕೈಲಿರುವುದೂ ಇದೇ.

ಮೊದಲು ತರಬೇಕಾದದ್ದು ಪ್ರಾಕ್ಟೀಸ್ ಚಾಂಟರ್. ಚೀಲ ಇಲ್ಲ, ನೇರವಾಗಿ ಬಾಯಲ್ಲಿಟ್ಟು ಊದುವ ಕೊಳವೆ ಅಷ್ಟೇ. ಪ್ಲಾಸ್ಟಿಕ್ಕಿನದೇ ಸಾಕು. ದೊಡ್ಡವರಾದರೆ ಉದ್ದದ ಮಾದರಿ ತಗೊಳ್ಳಿ, ತೂತುಗಳ ನಡುವಿನ ಅಂತರ ನಿಜವಾದ ಪೈಪಿಗೆ ಹತ್ತಿರ ಇರುತ್ತೆ. ದನಿ ಒಂದು ಸ್ಥಾಯಿ ಕೆಳಗೆ, ಸಣ್ಣದು, ಪಕ್ಕದ ಮನೆಯವರಿಗೂ ತೊಂದರೆ ಇಲ್ಲ. ಸ್ಕಾಟ್ಲೆಂಡಿನ ಮಕ್ಕಳೂ ಶುರು ಮಾಡುವುದು ಇದರಲ್ಲೇ. ಆರು ತಿಂಗಳಿಂದ ಒಂದು ವರ್ಷ ಇದರಲ್ಲೇ ಕಳೆಯುವುದು ಮಾಮೂಲು. ಪಳಗಿದವರು ಕೂಡ ಹೊಸ ಟ್ಯೂನ್ ಕಲಿಯೋಕೆ ಇದನ್ನೇ ಕೈಗೆತ್ತಿಕೊಳ್ಳುತ್ತಾರೆ.

ಎಡಗೈ ಮೇಲೆ, ಬಲಗೈ ಕೆಳಗೆ. ಎಡಗೈ ಕಿರುಬೆರಳಿಗೆ ಕೆಲಸವಿಲ್ಲ, ಹೆಬ್ಬೆರಳು ಹಿಂದಿನ ತೂತಿಗೆ. ಬೆರಳ ತುದಿಯಿಂದ ತೂತು ಮುಚ್ಚೋಕೆ ಹೋಗಬೇಡಿ. ಬೆರಳು ನೇರವಾಗಿ ಚಪ್ಪಟೆ ಇರಬೇಕು, ಬಲಗೈಯಲ್ಲಂತೂ ನಡುಗೆಣ್ಣಿನ ಭಾಗವೇ ತೂತಿನ ಮೇಲೆ ಕೂರಬೇಕು. ಗಟ್ಟಿಯಾಗಿ ಅದುಮಿದರೆ ಮಣಿಕಟ್ಟು ನೋಯುತ್ತೆ, ಸುಮ್ನೆ ಇಟ್ಟರೆ ಸಾಕು.

ಇರುವುದು ಒಂಬತ್ತೇ ಸ್ವರ, ಹೆಸರು ಪಾಶ್ಚಾತ್ಯ ಪದ್ಧತಿಯ ಎ, ಬಿ, ಸಿಯಂಥ ಅಕ್ಷರಗಳು. ಎಲ್ಲ ಮುಚ್ಚಿದರೆ ಲೋ ಜಿ, ಬಲಗೈ ಕಿರುಬೆರಳು ಎತ್ತಿದರೆ ಲೋ ಎ. ಈ ಲೋ ಎ ಅನ್ನೇ ಷಡ್ಜ ಅಂದುಕೊಂಡು ಮೇಲಿನ ಹೈ ಎ ತನಕ ಹತ್ತಿ ನೋಡಿ, ಸಿಗುವುದು ಹೆಚ್ಚುಕಮ್ಮಿ ನಮ್ಮ ಹರಿಕಾಂಭೋಜಿ ರಾಗ. ಲೋ ಜಿ ಅನ್ನುವುದು ಕೆಳಗಿನ ನಿಷಾದ. ಸಂಗೀತ ಪಾಠಕ್ಕೆ ಹೋಗಿದ್ದವರಿಗೆ ಕಿವಿಯ ಕೆಲಸ ಅರ್ಧ ಮುಗಿದ ಹಾಗೆ.

ಬೆರಳಿನ ಕೆಲಸ ಮಾತ್ರ ಯಾರಿಗೂ ಮುಗಿದಿರಲ್ಲ. ಡಿಯಿಂದ ಇಗೆ ಹೋಗುವುದನ್ನೇ ನೋಡಿ. ಡಿ ನುಡಿಸುವಾಗ ಬಲಗೈಯ ಮೂರು ಬೆರಳು ಮೇಲೆ, ಕಿರುಬೆರಳು ಕೆಳಗೆ. ಇಗೆ ಹೋಗಬೇಕಾದರೆ ಆ ಮೂರೂ ಇಳಿಯಬೇಕು, ಕಿರುಬೆರಳು ಏಳಬೇಕು, ಎಡಗೈ ಉಂಗುರ ಬೆರಳೂ ಏಳಬೇಕು, ಇಷ್ಟೂ ಒಂದೇ ಏಟಿಗೆ. ಒಂದು ಬೆರಳು ಚೂರು ತಡವಾದರೂ ನಡುವೆ ಬೇಡದ ಸ್ವರವೊಂದು ಕಿಚ್ ಅಂತ ಇಣುಕುತ್ತೆ. ಕ್ರಾಸಿಂಗ್ ನಾಯ್ಸ್ ಅನ್ನುವುದು ಇದನ್ನೇ. ತಾಳ ಹಾಕುವ ಮೆಟ್ರೊನೋಮ್ ಇಟ್ಟುಕೊಂಡು ನಿಧಾನವಾಗಿ ನುಡಿಸುವುದೇ ಮದ್ದು.

ಆಮೇಲೆ ಗ್ರೇಸ್ ನೋಟ್. ಪೈಪಿನಲ್ಲಿ ದನಿ ನಿಲ್ಲಿಸೋಕೆ ಆಗಲ್ಲ, ಚೀಲದ ಗಾಳಿ ಒಂದೇ ಸಮ ಬರುತ್ತಿರುತ್ತೆ. ಹಾಗಾದರೆ ಒಂದೇ ಸ್ವರವನ್ನು ಎರಡು ಸಲ ನುಡಿಸುವುದು ಹೇಗೆ? ನಡುವೆ ಇನ್ನೊಂದು ಬೆರಳನ್ನು ಕ್ಷಣಮಾತ್ರ ಎತ್ತಿ ಇಳಿಸಿ ಕತ್ತರಿಸಬೇಕು, ಆಗ ಬರುವ ಚುಟುಕು ಸ್ವರವೇ ಗ್ರೇಸ್ ನೋಟ್. ಮೊದಲು ಜಿ ಗ್ರೇಸ್ ನೋಟ್, ಆಮೇಲೆ ಡಿ, ಇ, ಅವು ಕೂತ ಮೇಲೆ ಡಬ್ಲಿಂಗ್, ಅಂದರೆ ಒಂದು ಸ್ವರಕ್ಕೆ ಬೆನ್ನುಬೆನ್ನಿಗೆ ಸೇರಿಸುವ ಗ್ರೇಸ್ ನೋಟ್‌ಗಳ ಗುಂಪು. ಇದನ್ನು ಹಾರಿಸಿ ನೇರ ಟ್ಯೂನಿಗೆ ಹೋದವರು ವಾಪಸ್ ಇಲ್ಲಿಗೇ ಬರುತ್ತಾರೆ. ವಿಡಿಯೊ ನೋಡಿ ಒಬ್ಬರೇ ಕಲಿತರೆ ಬೆರಳಿನ ತಪ್ಪು ಗಟ್ಟಿಯಾಗಿಬಿಡುತ್ತೆ, ಅದಕ್ಕೇ ತಿದ್ದುವವರು ಒಬ್ಬರು ಬೇಕು. ಗ್ಲಾಸ್ಗೋದ ನ್ಯಾಷನಲ್ ಪೈಪಿಂಗ್ ಸೆಂಟರ್ ಆನ್‌ಲೈನಿನಲ್ಲೂ ಪಾಠ ಹೇಳುತ್ತೆ. ಬೆಂಗಳೂರು, ಬೆಳಗಾವಿ ಕಡೆಯವರು ಸೇನೆಯ ಬ್ಯಾಂಡಿನಿಂದ ನಿವೃತ್ತರಾದವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ ನೋಡಬಹುದು.

ಪುಸ್ತಕ ನೋಡದೆ ನಾಲ್ಕೈದು ಟ್ಯೂನ್ ನುಡಿಸೋಕೆ ಬಂದ ಮೇಲೆ ಚೀಲ. ಒಂದೇ ಸಲ ಮೂರೂ ಡ್ರೋನ್ (ತಂಬೂರಿಯ ಹಾಗೆ ಒಂದೇ ಸ್ವರ ಹಿಡಿದಿರುವ ಕೊಳವೆಗಳು) ಬಿಡಬೇಡಿ, ಬಿರಡೆ ಹಾಕಿ ಮುಚ್ಚಿ. ಬರೀ ಚಾಂಟರ್, ಅಂದರೆ ಬೆರಳಾಡಿಸುವ ಕೊಳವೆ ನುಡಿಸಿ, ಆಮೇಲೆ ಒಂದು ಡ್ರೋನಿನ ಬಿರಡೆ ತೆಗೆಯಿರಿ. ಚೀಲ ಎಡ ಕಂಕುಳಲ್ಲಿ. ಊದುವಾಗ ತೋಳು ಸಡಿಲ, ಉಸಿರು ಎಳೆದುಕೊಳ್ಳುವಾಗ ತೋಳು ಒತ್ತಬೇಕು, ಒಳಗಿನ ಒತ್ತಡ ಮಾತ್ರ ಬದಲಾಗಬಾರದು. ಹೇಳೋಕೆ ಸುಲಭ, ಅಲ್ವಾ? ಶುರುವಿನಲ್ಲಿ ಎಲ್ಲರೂ ಊದುತ್ತಲೇ ಒತ್ತುತ್ತಾರೆ, ಸ್ವರ ಏರಿಳಿದು ಓಲಾಡುತ್ತೆ. ಒಂದೇ ಸ್ವರ ಹಿಡಿದು ಟ್ಯೂನರ್ ಮುಳ್ಳು ಅಲ್ಲಾಡದ ಹಾಗೆ ನಿಲ್ಲಿಸುವುದೇ ಈ ಹಂತದ ಪಾಠ. ಡ್ರೋನಿನ ಶ್ರುತಿ ಅದಾದ ಮೇಲೆ: ಟೆನರ್ ಅನ್ನುವ ಎರಡು ಚಿಕ್ಕ ಡ್ರೋನ್ ಚಾಂಟರಿನ ಲೋ ಎಗಿಂತ ಒಂದು ಸ್ಥಾಯಿ ಕೆಳಗೆ, ಬೇಸ್ ಅನ್ನುವ ಉದ್ದನೆಯದು ಎರಡು ಸ್ಥಾಯಿ ಕೆಳಗೆ. ತುಟಿ ಸೋತು ಬಾಯಂಚಿನಿಂದ ಗಾಳಿ ಸೋರತೊಡಗಿದರೆ ಅವತ್ತಿಗೆ ಸಾಕು.

ನುಡಿಸಿದ ಮೇಲೆ ಒಣಗಿಸುವುದನ್ನು ಮಾತ್ರ ಮರೆಯಬೇಡಿ. ಉಸಿರಿನ ತೇವಕ್ಕೆ ಚೀಲದೊಳಗೆ ಬೂಷ್ಟು ಹಿಡಿಯುತ್ತೆ. 2016ರಲ್ಲಿ ಥೊರಾಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಂಥದ್ದೊಂದು ಪ್ರಕರಣ ಬಂದಿತ್ತು. ದಿನಾ ಪೈಪ್ ನುಡಿಸುತ್ತಿದ್ದ ಬ್ರಿಟನ್ನಿನ 61 ವರ್ಷದವರೊಬ್ಬರು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಿದ್ದರು, ಅವರ ವಾದ್ಯದೊಳಗೆ ಹಲವು ಬಗೆಯ ಶಿಲೀಂಧ್ರ ಸಿಕ್ಕಿತ್ತು. ಪೈಪ್ ಮನೆಯಲ್ಲೇ ಬಿಟ್ಟು ಆಸ್ಟ್ರೇಲಿಯಾದಲ್ಲಿದ್ದ ಮೂರು ತಿಂಗಳು ಅವರ ಉಸಿರಾಟ ಸುಧಾರಿಸಿತ್ತಂತೆ. ಹೆದರಿಸೋಕೆ ಹೇಳುತ್ತಿಲ್ಲ. ಕೊಳವೆಗಳನ್ನು ಬಿಚ್ಚಿ, ಒಳಗೆ ಬಟ್ಟೆ ಎಳೆದು ಒರೆಸಿ, ಚೀಲ ಗಾಳಿಯಾಡಲು ಬಿಡಿ, ಒದ್ದೆ ಇರುವಾಗಲೇ ಪೆಟ್ಟಿಗೆಗೆ ಹಾಕಿ ಮುಚ್ಚಬೇಡಿ. ನಮ್ಮ ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ, ಇದು ಇನ್ನೂ ಜಾಸ್ತಿ ಬೇಕು.