ಎಕ್ಸ್ ಸರ್ವರ್‌ನಲ್ಲಿ ಒಂದು ಪದರ ಸೇರಿಸಿದ್ದು

ಝೆಫರ್ (ಒಂದು ವಿಂಡೋದೊಳಗೇ ಓಡುವ ಎಕ್ಸ್ ಸರ್ವರ್) ಒಳಗೆ ಟಿಡಬ್ಲ್ಯುಎಂ ಎಂಬ ವಿಂಡೋ ಮ್ಯಾನೇಜರ್ ಹಾಕಿಕೊಂಡು ಒಂದು ವಿಂಡೋವನ್ನು ಹತ್ತು ಸಲ ಎಳೆದು ಬಿಟ್ಟೆ. ನಾನು ಬರೆದ ಪದರದ ಲೆಕ್ಕ ಮಾತ್ರ 1ಕ್ಕೇ ನಿಂತಿತ್ತು.

ವಿಂಡೋ ಸರಿದಾಗ ಎಕ್ಸ್.ಆರ್ಗ್ ಸರ್ವರ್ (ಲಿನಕ್ಸ್‌ನಂಥ ಕಡೆ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಪ್ರೋಗ್ರಾಂ) ಎಷ್ಟು ಸಲ ಅದರ ಚಿತ್ರ ನಕಲು ಮಾಡುತ್ತದೆ ಎಂದು ಎಣಿಸುವ ಪುಟ್ಟ ಪದರ ಅದು. ಅಲ್ಲಿ ಪ್ರತಿ ಸ್ಕ್ರೀನ್‌ಗೂ ಒಂದು ಸ್ಟ್ರಕ್ಚರ್ ಇದೆ. ಅದರ ತುಂಬ, ಯಾವ ಫಂಕ್ಷನ್ ಕರೆಯಬೇಕೆಂದು ತೋರಿಸುವ ಫಂಕ್ಷನ್ ಪಾಯಿಂಟರ್‌ಗಳು: ಕಾಪಿವಿಂಡೋ, ಕ್ರಿಯೇಟ್‌ಜಿಸಿ, ಬ್ಲಾಕ್‌ಹ್ಯಾಂಡ್ಲರ್, ಹೀಗೆ. ಹಳೇ ಪಾಯಿಂಟರನ್ನು ತನ್ನ ಬಳಿ ಇಟ್ಟುಕೊಂಡು ಆ ಜಾಗದಲ್ಲಿ ತನ್ನ ಫಂಕ್ಷನ್ ಕೂರಿಸುವುದೇ ಪ್ರತಿ ಪದರದ ಪದ್ಧತಿ. ನಾನು ಕಾಂಪೋಸಿಟ್ (ವಿಂಡೋಗಳನ್ನು ಪರದೆಯ ಆಚೆ ಬಿಡಿಸಲು ಅನುವಾಗುವ) ಪದರದ ಮೇಲೆ ಕೂತೆ. ಎಣಿಸಿದೆ, ಇಟ್ಟುಕೊಂಡ ಪಾಯಿಂಟರನ್ನು ಸೀದಾ ಕರೆದೆ.

ತಪ್ಪಿದ್ದು ಆ 'ಸೀದಾ'ದಲ್ಲೇ. ಜಿಡಿಬಿ ಎಂಬ ಡೀಬಗರ್‌ನಲ್ಲಿ, ಕಾಪಿವಿಂಡೋ ಪಾಯಿಂಟರ್ ಬದಲಾದಾಗಲೆಲ್ಲ ನಿಲ್ಲುವ ವಾಚ್‌ಪಾಯಿಂಟ್ ಹಾಕಿದೆ. ಕಾಂಪೋಸಿಟ್ ಮೊದಲು ತನಗಿಂತ ಕೆಳಗಿನ ಫಂಕ್ಷನ್ನನ್ನು ಆ ಜಾಗದಲ್ಲಿಟ್ಟು ಕರೆಯುತ್ತದೆ. ಅದು ಮುಗಿದ ಮೇಲೆ ತನ್ನದನ್ನು ಇಡುತ್ತದೆ. ಅಲ್ಲಿ ನಾನಿದ್ದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಮೊದಲ ಕರೆಯಲ್ಲೇ ನಾನು ಸರಪಳಿಯಿಂದ ಆಚೆ ಬಿದ್ದಿದ್ದೆ.

ಹಾಗಾಗಿ ಕರೆಯುವ ಮುಂಚೆ ನಾನೇ ಜಾಗ ಬಿಡಬೇಕು. ಹಳೇ ಪಾಯಿಂಟರನ್ನು ಸ್ಟ್ರಕ್ಚರ್‌ಗೆ ವಾಪಸ್ ಹಾಕಿ, ಅದರ ಮೂಲಕ ಕರೆದು, ಬಂದ ಮೇಲೆ ಮತ್ತೆ ಕೂರಬೇಕು. ಈ ಸಲ ಹತ್ತು ಎಳೆತಕ್ಕೆ 10 ಬಂತು. ಎಷ್ಟು ಖುಷಿಯಾಯಿತು ಗೊತ್ತಾ!

ಮತ್ತೆ ಕೂರುವಾಗ ಇನ್ನೊಂದು ಸೂಕ್ಷ್ಮ ಇದೆ. ಆಗ ಅಲ್ಲಿರುವ ಪಾಯಿಂಟರನ್ನು ಹೊಸದಾಗಿ ಓದಿ ಇಟ್ಟುಕೊಳ್ಳಬೇಕು. ಸುಮ್ನೆ ಅಲ್ಲ. ಮೋಡ್‌ಸೆಟ್ಟಿಂಗ್ ಎಂಬ ಡಿಸ್‌ಪ್ಲೇ ಡ್ರೈವರ್ ನೋಡಿ: ಶುರುವಿನಲ್ಲಿ ಅದು, ಸರ್ವರ್ ಕಾಯಲು ಕೂರುವ ಮುಂಚೆ ಪ್ರತಿ ಸಲ ಕರೆಯುವ ಬ್ಲಾಕ್‌ಹ್ಯಾಂಡ್ಲರ್ ಜಾಗದಲ್ಲಿ ಒಂದೇ ಸಲ ಓಡಬೇಕಾದ ಫಂಕ್ಷನ್ ಇಡುತ್ತದೆ. ಅದು ಓಡಿ, ಪರದೆಯ ಮೋಡ್ (ರೆಸಲ್ಯೂಷನ್ ಇತ್ಯಾದಿ) ಕೂರಿಸಿ, ಮಾಮೂಲಿ ಫಂಕ್ಷನ್‌ಗೆ ಜಾಗ ಬಿಟ್ಟು ಹೋಗುತ್ತದೆ. ಮೇಲಿನ ಪದರ ಹಳೇ ಪಾಯಿಂಟರನ್ನೇ ಹಿಡಿದುಕೊಂಡಿದ್ದರೆ ಪ್ರತಿ ಸಲವೂ ಮೋಡ್ ಕೂರಿಸುವ ಕೆಲಸ ಮತ್ತೆ ನಡೆಯುತ್ತದೆ, ಅಲ್ವಾ?

ಎಣಿಕೆ ಸಾಕಾದಾಗ ನಡುವೆ ಬಿಟ್ಟು ಹೊರಡುವ ಯೋಚನೆ ಇತ್ತು. ಅದನ್ನು ಕೈಬಿಟ್ಟೆ. ಅಷ್ಟರಲ್ಲಿ ನನ್ನ ಮೇಲೆ ಯಾರಾದರೂ ಕೂತಿದ್ದರೆ, ನಾನು ಹಳೇ ಪಾಯಿಂಟರ್ ವಾಪಸ್ ಇಟ್ಟ ಕೂಡಲೇ ಅವರೂ ಕಳಚಿಹೋಗುತ್ತಾರೆ. ಅದಕ್ಕೆ ಒಂದು ಫ್ಲ್ಯಾಗ್ ಇಟ್ಟೆ. ಆಫ್ ಮಾಡಿದರೆ ಎಣಿಸುವುದಿಲ್ಲ, ಕರೆಯನ್ನು ಕೆಳಗೆ ದಾಟಿಸುತ್ತದೆ ಅಷ್ಟೇ. ಪೂರ್ತಿ ಕಳಚಿಕೊಳ್ಳುವುದು, ಸ್ಕ್ರೀನ್ ಮುಚ್ಚುವಾಗ ಕರೆಯುವ ಕ್ಲೋಸ್‌ಸ್ಕ್ರೀನ್‌ನಲ್ಲಿ ಮಾತ್ರ. ಅಲ್ಲಿ ಮೇಲಿನ ಪದರದಿಂದ ಒಂದೊಂದಾಗಿ ಬಿಚ್ಚಿಕೊಂಡು ಬರುತ್ತವೆ.